ಡೋರ್ಟೆಯ ಮೂರನೆಯ ಕುರ್ಚಿ

ಸ್ಟೆನ್‌ವಿಗ್ ಊರಿನ ಒಳಾಂಗಣ ವಿನ್ಯಾಸದ ಶಾಲೆಯಲ್ಲಿ ಮೊದಲ ವರ್ಷ ಯಾರಿಗೂ ವಿನ್ಯಾಸ ಮಾಡಲು ಬಿಡುವುದಿಲ್ಲ. ಗೋಡೆಗೆ ಬಣ್ಣ ಹೊಂದಿಸುತ್ತೇವೆ, ಕಿಟಕಿಗೆ ಪರದೆ ಆರಿಸುತ್ತೇವೆ ಎಂದು ಆಸೆ ಹೊತ್ತು ಬಂದವರ ಮುಂದೆ ಪಾಠ ಹೇಳುವ ಟೋರ್ಕಿಲ್ ಒಂದು ಹಳೆಯ ಕುರ್ಚಿ ತಂದಿಟ್ಟು, ಮಡಚುವ ಅಳತೆಕೋಲು ಕೈಗೆ ಕೊಟ್ಟು, ‘ಅಳೀರಿ’ ಎಂದು ಹೇಳಿ ಕಾಫಿ ಕುಡಿಯಲು ಹೋಗಿಬಿಡುತ್ತಾನೆ. ಅಳೆದ ಕುರ್ಚಿಯನ್ನು ಗೋಡೆಯಗಲದ ಕಾಗದದ ಮೇಲೆ, ಅದು ಇರುವಷ್ಟೇ ದೊಡ್ಡದಾಗಿ ಬರೆಯಬೇಕು. ಮುಂದಿನಿಂದ ಕಂಡದ್ದು ಕಪ್ಪು ಗೆರೆಯಲ್ಲಿ, ಪಕ್ಕದಿಂದ ಕಂಡದ್ದು ಕೆಂಪಿನಲ್ಲಿ, ಮೇಲಿನಿಂದ ಕಂಡದ್ದು ನೀಲಿಯಲ್ಲಿ, ಮೂರೂ ಒಂದರ ಮೇಲೊಂದು. ಅದು ಕಣ್ಣಿಗೆ ಕೂತ ಮೇಲೆ ತನ್ನದೇ ಒಂದು ಕುರ್ಚಿ ಬರೆದು, ತಾನೇ ಮರ ಕೊಯ್ದು, ಕಟ್ಟಿ ಒಪ್ಪಿಸಬೇಕು. ಅದೂ ಯಾರಿಗೋ ಒಬ್ಬರಿಗಲ್ಲ. ಹೆಸರು ಹಿಡಿದು ಇಂಥವರಿಗೇ ಎಂದು ಹೇಳಿ, ಅವರ ಮೈಯ ಅಳತೆ ತೆಗೆದು ಮಾಡಬೇಕು. ಇದೊಂದು ಪಾಠ ದಾಟದೆ ಬಣ್ಣವೂ ಇಲ್ಲ, ಪರದೆಯೂ ಇಲ್ಲ.

ಡೋರ್ಟೆ ಈ ಪಾಠದಲ್ಲಿ ಎರಡು ಸಲ ನಪಾಸಾಗಿದ್ದಳು. ಮೂರನೆಯ ಸಲವೇ ಕೊನೆ, ನಾಲ್ಕನೆಯದು ಆ ದೇಶದಲ್ಲಿ ಯಾವ ಪರೀಕ್ಷೆಗೂ ಇಲ್ಲ.

ಅವಳಿಗೆ ನಲವತ್ತಾರು ವರ್ಷ. ಜೊತೆಯವರೆಲ್ಲ ಇಪ್ಪತ್ತರ ಆಚೀಚೆ. ಶಾಲೆಗೆ ಬರುವ ಮೊದಲು ಹತ್ತೊಂಬತ್ತು ವರ್ಷ ಅವಳು ಪುರಸಭೆಯ ಕಡೆಯಿಂದ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದಳು. ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿದರೆ ಮಧ್ಯಾಹ್ನದೊಳಗೆ ಹದಿನಾಲ್ಕು ಮನೆ. ಊದಿದ ಕಾಲುಗಳಿಗೆ ಬಿಗಿಯಾದ ಕಾಲುಚೀಲ ಏರಿಸುವುದು, ಮಾತ್ರೆ ನುಂಗಿಸುವುದು, ರೈ ಬ್ರೆಡ್ಡಿನ ಮೇಲೆ ಲಿವರ್ ಪೇಸ್ಟ್ ಸವರಿಕೊಡುವುದು, ಎಲ್ಲಕ್ಕಿಂತ ಹೆಚ್ಚಾಗಿ ತಗ್ಗು ಸೋಫಾಗಳಲ್ಲಿ ಹೂತುಹೋದ ಜೀವಗಳನ್ನು ಮೇಲಕ್ಕೆ ಎತ್ತುವುದು. ಎತ್ತಿ ಎತ್ತಿ ಸೊಂಟ ಕೈಕೊಟ್ಟಿತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಗ್ಗಿದವಳಿಗೆ ಏಳಲಾಗಲಿಲ್ಲ.

ಸೊಂಟ ಹೋದವರನ್ನು ಪುರಸಭೆ ಬೀದಿಗೆ ಬಿಡುವುದಿಲ್ಲ, ನಿಜ. ಬದಲಿಗೆ ಅವರಲ್ಲಿ ಇನ್ನೆಷ್ಟು ಕಸುವು ಉಳಿದಿದೆ ಎಂದು ಪರೀಕ್ಷೆ ಮಾಡುತ್ತದೆ. ಊರ ಹೊರಗಿನ ಶೆಡ್ಡೊಂದರಲ್ಲಿ ಡೋರ್ಟೆ ಹದಿಮೂರು ವಾರ ಮೊಳೆ ಒಂದು ಕಡೆ, ತಿರುಪು ಒಂದು ಕಡೆ ಬೇರ್ಪಡಿಸುತ್ತ ನಿಂತಿದ್ದಳು. ಎಷ್ಟು ನಿಮಿಷ ನಿಂತಳು, ಎಷ್ಟು ಸಲ ಕೂತಳು ಎಂದು ಬರೆದುಕೊಳ್ಳಲು ಒಬ್ಬ ಹುಡುಗಿ ಇದ್ದಳು. ಸಂಜೆ ಡೋರ್ಟೆ ಬೇರ್ಪಡಿಸಿದ ಎರಡು ಡಬ್ಬಿಗಳನ್ನೂ ಮತ್ತೆ ಒಂದಕ್ಕೇ ಸುರಿಯುತ್ತಿದ್ದರು, ನಾಳೆಗೆ ಕೆಲಸ ಬೇಕಲ್ಲ. ಅದನ್ನು ಮೊದಲ ಸಲ ನೋಡಿದ ದಿನ ಡೋರ್ಟೆ ಬಸ್‌ಸ್ಟಾಪಿನಲ್ಲಿ ಕೂತು ಮೂರು ಬಸ್ಸು ಬಿಟ್ಟಿದ್ದಳು. ಆಮೇಲೆ ಯಾವುದೋ ಪುಣ್ಯಕ್ಕೆ ಕಚೇರಿಯ ಒಬ್ಬ ಹೆಂಗಸು ‘ನಿನಗೆ ಏನು ಗೊತ್ತು?’ ಎಂದು ಕೇಳಿದ್ದಳು. ‘ಈ ಊರಿನ ಪ್ರತಿ ಮನೆಯ ಒಳಗೂ ಗೊತ್ತು’ ಎಂದಿದ್ದಳು ಡೋರ್ಟೆ. ಆ ಮಾತಿನ ಮೇಲೆ ವಿನ್ಯಾಸದ ಶಾಲೆಯ ಎರಡು ವರ್ಷ ಮಂಜೂರಾಗಿತ್ತು. ಈ ಪಾಠ ತಪ್ಪಿದರೆ ಶಾಲೆ ತಪ್ಪುತ್ತದೆ, ಶಾಲೆ ತಪ್ಪಿದರೆ ಮತ್ತೆ ಅದೇ ಶೆಡ್ಡು.

ಮೊದಲ ಸಲ ಸೊಂಟ ಹಿಡಿದುಕೊಂಡು ನಕ್ಷೆಯೇ ಮುಗಿಯಲಿಲ್ಲ. ಎರಡನೆಯ ಸಲ ತನ್ನ ಸೊಂಟಕ್ಕೇ ಹಿತವಾಗಲಿ ಎಂದು ಒಂದು ಕುರ್ಚಿ ಕಟ್ಟಿದಳು. ಹೊರಗಿನಿಂದ ಬಂದ ಪರೀಕ್ಷಕ ಅದರ ಸುತ್ತ ಒಂದು ಸುತ್ತು ಬಂದು, ‘ಹಲ್ಲು ಕೀಳೋದು ಯಾವ ಕಡೆಯಿಂದ?’ ಎಂದು ಕೇಳಿದ. ಎಲ್ಲರೂ ನಕ್ಕರು. ಡೋರ್ಟೆಯೂ ನಕ್ಕಳು, ಬೇರೆ ದಾರಿ ಇರಲಿಲ್ಲ.

ಮೂರನೆಯ ಕುರ್ಚಿ ಯಾರಿಗೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಬರಲಿಲ್ಲ. ಆಸ್ಟಾಗೆ.

ಆಸ್ಟಾಗೆ ಎಂಬತ್ತೇಳು. ಬಂದರಿನ ಮೀನಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಹೆರಿಂಗ್ ಮೀನು ಸೀಳಿದವಳು. ಆಳು ಕುಳ್ಳಿ, ನಾಲಿಗೆ ಉದ್ದ. ಡೋರ್ಟೆ ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅವಳ ಮನೆಗೆ ಹೋಗಿ ಕಾಲುಚೀಲ ತೊಡಿಸಿದ್ದಳು. ಕೆಲಸ ಬಿಟ್ಟ ಮೇಲೂ ಭಾನುವಾರದ ಕಾಫಿಗೆ ಹೋಗುವುದು ತಪ್ಪಿರಲಿಲ್ಲ.

“ನನಗ್ಯಾಕೆ ಕುರ್ಚಿ?” ಎಂದಿದ್ದಳು ಆಸ್ಟಾ. “ಇನ್ನೊಂದು ನಾಲ್ಕು ದಿನ ಬಿಟ್ರೆ ಪೆಟ್ಟಿಗೇನೇ ಮಾಡ್ಬೇಕು ನನಗೆ. ಅದನ್ನೇ ಮಾಡಿಬಿಡು, ಮಲಗಿ ಪಾಸು ಮಾಡಿಸ್ತೀನಿ.”

“ಪೆಟ್ಟಿಗೆ ಎರಡನೇ ವರ್ಷದ ಪಾಠ.”

“ಹಂಗಾದ್ರೆ ಕುರ್ಚಿ ಮಾಡು. ಆದ್ರೆ ನೋಡು, ಬೆನ್ನು ಹಿಂದಕ್ಕೆ ವಾಲಿರ್ಬೇಕು. ಪೇಪರ್ ಓದೋವಾಗ ಪಾದ್ರಿ ಮುಂದೆ ಕೂತ ಹಂಗೆ ನೆಟ್ಟಗೆ ಕೂರೋಕೆ ನನ್ ಕೈಲಾಗಲ್ಲ.”

ಅಳತೆಗೆ ಆಸ್ಟಾಳನ್ನು ಶಾಲೆಯ ಕಾರ್ಯಾಗಾರಕ್ಕೇ ಕರೆದುಕೊಂಡು ಹೋದಳು ಡೋರ್ಟೆ. ಅಲ್ಲಿ ಗರಗಸ, ಯಂತ್ರ, ಬೀಳುವ ಹಲಗೆ. ಉಕ್ಕಿನ ಮೂತಿಯ ಬೂಟಿಲ್ಲದೆ ದೇಶದ ದೊರೆ ಬಂದರೂ ಟೋರ್ಕಿಲ್ ಬಾಗಿಲಲ್ಲೇ ತಡೆಯುತ್ತಾನೆ. ಆಸ್ಟಾಳ ಊದಿದ ಪಾದಕ್ಕೆ ಹೆಂಗಸರ ಬೂಟು ಯಾವುದೂ ಹಿಡಿಸಲಿಲ್ಲ, ಕೊನೆಗೆ ಗಂಡಸರದೊಂದು ಜೊತೆ ಸಿಕ್ಕಿತು.

“ನನ್ ಗಂಡ ಬದುಕಿದ್ದಾಗಲೂ ಅವನ ಬೂಟು ನಾನು ಹಾಕಿರ್ಲಿಲ್ಲ,” ಎಂದು ಗೊಣಗುತ್ತ ಆಸ್ಟಾ ಕೂತಳು. ಟೋರ್ಕಿಲ್ ನಕ್ಕು ಅವಳಿಗೆ ಕಾಫಿ ತಂದುಕೊಟ್ಟ. ಡೋರ್ಟೆ ಮಂಡಿಯೂರಿ, ಮಂಡಿಯ ಹಿಂದಿನ ಗುಳಿಯಿಂದ ನೆಲದವರೆಗೆ ಅಳತೆಕೋಲು ಹಿಡಿದಳು. ನಲವತ್ತೊಂದು. ತೊಡೆಯ ಉದ್ದ, ಮೊಣಕೈಯ ಎತ್ತರ, ಬೆನ್ನಿನ ಗೂನು, ಎಲ್ಲವನ್ನೂ ಬರೆದುಕೊಂಡಳು.

ಆಮೇಲಿನ ಆರು ವಾರ ಡೋರ್ಟೆಯ ಬದುಕಿನಲ್ಲೇ ಸುಖದ ಆರು ವಾರಗಳಾಗಿರಬಹುದು. ಇಪ್ಪತ್ತರ ಹುಡುಗ ಹುಡುಗಿಯರು ಕುರ್ಚಿಯ ಮೂಲಕ ಏನೇನೋ ಹೇಳಲು ಹೊರಟು ತಲೆಕೆಡಿಸಿಕೊಳ್ಳುತ್ತಿದ್ದರು. ಇವಳಿಗೆ ಹೇಳಬೇಕಾದ್ದು ಏನೂ ಇರಲಿಲ್ಲ. ಆಸ್ಟಾಳ ಎಡ ಭುಜ ಬಲಕ್ಕಿಂತ ತಗ್ಗು ಎಂದು ಗೊತ್ತಿತ್ತು, ಕೈಯಾನಿಕೆಯನ್ನು ಅದಕ್ಕೆ ತಕ್ಕಂತೆ ಇಳಿಸಿದಳು. ಗಂಟು ಬಿದ್ದ ಬೆರಳು ಹಿಡಿಯಲು ಸುಲಭವಾಗಲಿ ಎಂದು ಅದರ ತುದಿಯನ್ನು ಮೊಟ್ಟೆಯ ಹಾಗೆ ಉರುಟು ಮಾಡಿದಳು. ಬೀಚ್ ಮರಕ್ಕೆ ಉಜ್ಜುಕಾಗದ ಹಾಕಿ ಹಾಕಿ ಬೆರಳ ತುದಿ ಸವೆಯಿತು. ಕೂರುವ ಜಾಗವನ್ನು ಕಾಗದದ ಹುರಿಯಿಂದ ಎರಡು ಸಲ ಹೆಣೆದು ಎರಡು ಸಲವೂ ಬಿಚ್ಚಿ, ಮೂರನೆಯ ಸಲ ಒಪ್ಪಿಕೊಂಡಳು. ಹೆಣೆದು ಮುಗಿಸಿದ ದಿನ ಟೋರ್ಕಿಲ್ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದ.

“ಹ್ಞೂಂ,” ಎಂದ.

ಟೋರ್ಕಿಲ್ ಬಾಯಿಂದ ಹ್ಞೂಂ ಹೊರಡುವುದು ವರ್ಷಕ್ಕೆ ಎರಡು ಸಲ. ಡೋರ್ಟೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕಣ್ಣು ಒರೆಸಿಕೊಂಡಳು.

ಪರೀಕ್ಷೆ ಸೋಮವಾರ. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕುರ್ಚಿಗಳನ್ನೂ ನಕ್ಷೆಗಳನ್ನೂ ಪರೀಕ್ಷೆಯ ಕೋಣೆಯಲ್ಲಿಟ್ಟು ಬೀಗ ಹಾಕಿದರು. ನಕ್ಷೆಗೂ ಕುರ್ಚಿಗೂ ಒಂದು ಮಿಲಿಮೀಟರ್ ವ್ಯತ್ಯಾಸ ಕೂಡದು, ಬೀಗ ಬಿದ್ದ ಮೇಲೆ ಯಾರೂ ಮುಟ್ಟಕೂಡದು. ಶುಕ್ರವಾರ ಒಬ್ಬೊಬ್ಬರು ಸರದಿಯಲ್ಲಿ ಎಲ್ಲರಿಗೂ ಕೇಕು ತರುವುದು ಶಾಲೆಯ ರೂಢಿ, ಆ ವಾರದ ಪಾಳಿ ಡೋರ್ಟೆಯದು. ಅಷ್ಟು ದೊಡ್ಡ ಕೇಕನ್ನು ಅವಳು ಯಾವತ್ತೂ ತಂದಿರಲಿಲ್ಲ.

ಭಾನುವಾರ ಆಸ್ಟಾಳ ಮನೆಗೆ ಹೋದಾಗ ಆಸ್ಟಾ ಇನ್ನೂ ಬರಿಗಾಲಲ್ಲಿ ಅಡಿಗೆಮನೆಯ ಕುರ್ಚಿಯ ಮೇಲೆ ಸಿಡಿಮಿಡಿಗುಟ್ಟುತ್ತ ಕೂತಿದ್ದಳು. ಪುರಸಭೆಯಿಂದ ಹೊಸದಾಗಿ ಬರುವ ಕೆಲಸದವಳು ಹತ್ತಾದರೂ ಬಂದಿರಲಿಲ್ಲ.

“ಸರಿ, ಕೊಡು ಇಲ್ಲಿ,” ಎಂದು ಡೋರ್ಟೆ ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ಬಂದು ಆಸ್ಟಾಳ ಮುಂದೆ ಮಂಡಿಯೂರಿದಳು. ಎಡಗೈಯಲ್ಲಿ ಹಿಮ್ಮಡಿ ಹಿಡಿದು ಬಲಗೈಯಲ್ಲಿ ಕಾಲುಚೀಲ ಏರಿಸತೊಡಗಿದಳು. ಆಸ್ಟಾಳ ಮಂಡಿ ತನ್ನ ಎದೆಯ ಯಾವ ಎತ್ತರಕ್ಕೆ ಬರುತ್ತದೆ ಎಂಬುದು ಅವಳ ಮೈಗೇ ಗೊತ್ತಿತ್ತು, ಹನ್ನೊಂದು ವರ್ಷದ ರೂಢಿ. ಇವತ್ತೂ ಅಲ್ಲಿಗೇ ಬಂತು. ಆದರೆ ಆರು ವಾರದಿಂದ ಅವಳ ತಲೆಯಲ್ಲಿದ್ದ ಮಂಡಿ ಅದಕ್ಕಿಂತ ಎತ್ತರದಲ್ಲಿತ್ತು.

ಅವಳ ಕೈ ನಿಂತಿತು. ಪ್ಯಾಂಟಿನ ತೊಡೆಯ ಜೇಬಿನಿಂದ ಅಳತೆಕೋಲು ತೆಗೆದು ಮಂಡಿಯ ಹಿಂದೆ ಹಿಡಿದಳು. ಮೂವತ್ತೇಳು. ಮತ್ತೆ ಹಿಡಿದಳು. ಮೂವತ್ತೇಳು.

“ಏನಾಯ್ತೇ? ಮುಖ ಯಾಕೆ ಹಂಗೆ ಬಿಳಿಚ್ಕೊಂಡಿದೆ?”

“ಬೂಟು,” ಎಂದಳು ಡೋರ್ಟೆ. “ನಿನಗೆ ಬೂಟು ಹಾಕಿಸಿ ಅಳೆದುಬಿಟ್ಟೆ.”

ಟೋರ್ಕಿಲ್ ಇದನ್ನು ಹೇಳಿದ್ದ. ಮೊದಲ ದಿನವೇ ಹೇಳಿದ್ದ. ಕಾರ್ಯಾಗಾರದಲ್ಲಿ ಅಳೆದರೆ ಅಟ್ಟೆಯ ದಪ್ಪ ಕಳೆಯಿರಿ, ನಮ್ಮ ಜನ ಮನೆಯೊಳಗೆ ಬರೀ ಕಾಲುಚೀಲದಲ್ಲಿ ಬದುಕುವವರು ಎಂದಿದ್ದ. ಅದೇ ಪಾಠವನ್ನು ಮೂರನೆಯ ಸಲ ಕೇಳುತ್ತಿದ್ದ ಡೋರ್ಟೆ ಕಿಟಕಿಯಾಚೆ ನೋಡುತ್ತಿದ್ದಳು. ಮೈಯ ಅಳತೆಯನ್ನು ಇವನು ನನಗೆ ಹೇಳಿಕೊಡಬೇಕೇ ಎಂದುಕೊಂಡಿದ್ದಳು. ಆ ಕಾಲಿಗೆ ನಾಲ್ಕು ಸಾವಿರ ಸಲ ಚೀಲ ತೊಡಿಸಿದವಳೇ ಆ ಕಾಲಿನ ಅಳತೆ ತಪ್ಪಿದ್ದಳು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಎಂದು ಅವಳಿಗೆ ಅಲ್ಲೇ ನೆಲದ ಮೇಲೆ ಅಳು ಬಂತು.

“ನಾಲ್ಕು ಸೆಂಟಿಮೀಟರ್ ತಾನೆ,” ಎಂದಳು ಆಸ್ಟಾ. “ನಾಲ್ಕು ಸೆಂಟಿಮೀಟರಿಗೆ ಯಾರಾದ್ರೂ ಅಳ್ತಾರಾ? ಎತ್ತರ ಇದ್ರೆ ಏಳೋದು ಸಲೀಸು ಅಂತ ನೀನೇ ಹೇಳ್ತಿದ್ಯಲ್ಲ.”

“ಕಾಲು ನೆಲಕ್ಕೆ ತಾಕಿದ್ರೆ ಸಲೀಸು. ಇದು ಹಿಂದಕ್ಕೆ ವಾಲಿರೋ ಕುರ್ಚಿ, ಆಸ್ಟಾ. ನಿನ್ನ ಕಾಲು ಗಾಳಿಲಿ ನೇತಾಡುತ್ತೆ. ಮುಂದಿನ ಮರದ ಪಟ್ಟಿ ತೊಡೆಗೆ ಒತ್ತುತ್ತೆ. ಇಳೀಬೇಕು ಅಂದ್ರೆ ನೆಲ ಎಲ್ಲಿದೆ ಅಂತ ಗೊತ್ತಾಗದೆ ಜಾರ್ಬೇಕು.”

ಆಸ್ಟಾ ಸೊಂಟ ಸವರಿಕೊಂಡಳು. ಮೂರು ವರ್ಷದ ಹಿಂದೆ ಅವಳು ಹಾಗೆಯೇ ಆಸ್ಪತ್ರೆಯ ಮಂಚದಿಂದ ಕಾಣದ ನೆಲಕ್ಕೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಪಾದದಲ್ಲಿ ಸ್ಪರ್ಶಜ್ಞಾನ ಅಷ್ಟಕ್ಕಷ್ಟೆ.

“ಹೋಗಿ ಕಾಲು ಕೊಯ್ದು ಬಾ. ಕುರ್ಚೀದು.”

“ಬೀಗ ಹಾಕಿದಾರೆ. ನಕ್ಷೆಲೂ ನಲವತ್ತೊಂದೇ ಇದೆ.”

“ಟೋರ್ಕಿಲ್‌ಗೆ ಫೋನ್ ಮಾಡು.”

“ಮಾಡಿ ಏನನ್ನಲಿ? ನಾನು ಈಗ್ಲೇ ಫೇಲು, ಸೋಮವಾರದ ತನಕ ಕಾಯ್ಬೇಡ ಅಂತಲಾ?”

ಆಸ್ಟಾ ಕಾಫಿ ಬಗ್ಗಿಸಿದಳು. ಇಬ್ಬರೂ ಕುಡಿಯಲಿಲ್ಲ. ಶೆಡ್ಡಿನ ವಿಷಯ ಆಸ್ಟಾಗೆ ಗೊತ್ತಿತ್ತು. ಎರಡು ಡಬ್ಬಿಯನ್ನು ಒಂದಕ್ಕೆ ಸುರಿಯುವ ಕಥೆಯನ್ನು ಅವಳು ನಾಲ್ಕು ಸಲ ಕೇಳಿದ್ದಳು, ನಾಲ್ಕೂ ಸಲ ಪುರಸಭೆಯವರ ಅಪ್ಪ ಅಮ್ಮನನ್ನೆಲ್ಲ ಬೈದಿದ್ದಳು.

“ಪರೀಕ್ಷೆ ಎಷ್ಟು ಹೊತ್ತು?” ಎಂದು ಕೇಳಿದಳು.

“ಅರ್ಧ ಗಂಟೆ. ಶುರುವಿಗೇ ನೀನು ಕೂರ್ಬೇಕು, ಒರಗ್ಬೇಕು, ಎದ್ದು ನಿಲ್ಬೇಕು. ಅವ್ರು ನೋಡ್ತಾರೆ.”

“ಏಳದೇ ಇದ್ರೆ?”

“ಅಂದ್ರೆ?”

“ಅವ್ರು ಬರೋಕೆ ಮುಂಚೆ ನನ್ನ ಎತ್ತಿ ಕೂರಿಸ್ಬಿಡು. ಮಣ್ಣಿಗೆ ಹೋಗೋವಾಗ ಹಾಕೋ ಆ ಕಪ್ಪು ಲಂಗ ಇದೆಯಲ್ಲ, ನೆಲದ ತನಕ ಬರುತ್ತೆ. ಕಾಲು ಯಾರಿಗೆ ಕಾಣುತ್ತೆ? ಅವ್ರು ಏಳು ಅಂದ್ರೆ, ನನಗಿಲ್ಲಿ ಹಾಯಾಗಿದೆ, ನಾನು ಏಳಲ್ಲ ಅಂತೀನಿ. ಎಂಬತ್ತೇಳರ ಮುದುಕಿನ ಎಳೆದು ಎಬ್ಬಿಸ್ತಾರಾ?”

“ಅರ್ಧ ಗಂಟೆ ಕಾಲು ನೇತಾಡಿಸ್ಕೊಂಡು ಕೂತ್ರೆ ನಿನ್ನ ಕಾಲಿಗೆ ಏನಾಗುತ್ತೆ ಗೊತ್ತಾ?”

“ಹಿಮದ ನೀರಲ್ಲಿ ಎಂಟೆಂಟು ಗಂಟೆ ನಿಂತು ಮೀನು ಕೊಯ್ದ ಕಾಲು. ನೀನು ನನಗೆ ಕಾಲಿನ ವಿಷಯ ಹೇಳ್ಬೇಡ.”

ಡೋರ್ಟೆ ಬೇಡ ಎನ್ನಬೇಕಿತ್ತು. ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದ ಯಾರೇ ಆದರೂ ಬೇಡ ಎನ್ನಬೇಕಿತ್ತು. ಅವಳು ಇನ್ನೊಂದು ಕಾಲಿಗೆ ಚೀಲ ಏರಿಸಿ, ಅಂಚು ಸರಿಮಾಡಿ, “ಆಗಲಿ” ಎಂದಳು. ಆ ಒಂದು ಮಾತಿಗೆ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಪರೀಕ್ಷೆಯ ಕೋಣೆಯ ನೆಲ ಸೋಪಿನ ನೀರಲ್ಲಿ ತೊಳೆದು ತೊಳೆದು ಹಾಲಿನ ಬಣ್ಣಕ್ಕೆ ತಿರುಗಿದ ಪೈನ್ ಹಲಗೆಯದು. ಅಲ್ಲಿ ಕಾಲಿಡುವವರು ಯಾರೇ ಇರಲಿ ಶೂ ಹೊರಗೆ. ಸೋಮವಾರ ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಡೋರ್ಟೆ ಆಸ್ಟಾಳ ಕಂಕುಳಿಗೆ ಕೈಹಾಕಿ ಎತ್ತಿ ಕುರ್ಚಿಯ ಮೇಲೆ ಕೂರಿಸಿದಳು. ಸೊಂಟದಲ್ಲಿ ಏನೋ ಚಳಕ್ಕೆಂದಿತು. ಲಂಗವನ್ನು ಸುತ್ತ ಇಳಿಬಿಟ್ಟಳು. ಕಾಲು ಕಾಣಲಿಲ್ಲ.

“ಹೆಂಗಿದೆ?” ಎಂದು ಕೇಳಿದಳು.

“ನನಗಾಗಿ ಯಾರೂ ಏನೂ ಮಾಡಿರ್ಲಿಲ್ಲ,” ಎಂದಳು ಆಸ್ಟಾ, ಕೈಯಾನಿಕೆಯ ಉರುಟು ತುದಿಯನ್ನು ಸವರುತ್ತ. “ಚೆನ್ನಾಗಿದೆ ಕಣೇ.”

ಬಾಗಿಲ ಹೊರಗೆ ಶೂ ಬಿಚ್ಚುವ ಸದ್ದಾಯಿತು. ಟೋರ್ಕಿಲ್‌ನ ಜೊತೆ ಬಂದ ಪರೀಕ್ಷಕಿಯ ಹೆಸರು ವಿಬೇಕೆ. ಅರವತ್ತರ ಹೆಂಗಸು, ಸ್ವತಃ ಕುರ್ಚಿ ಕಟ್ಟುವವಳು, ಬೂದು ಕಾಲುಚೀಲದ ತೂತಿನಲ್ಲಿ ಹೆಬ್ಬೆರಳು ಇಣುಕುತ್ತಿತ್ತು. ಆಸ್ಟಾ ಆಗಲೇ ಕೂತಿರುವುದನ್ನು ನೋಡಿ ಹುಬ್ಬೇರಿಸಿದಳು.

“ನೀನಾಗ್ಲೇ ಕೂತ್‌ಬಿಟ್ಟಿದೀಯ.”

“ನಿಂತಿರೋಕೆ ಕಾಲಲ್ಲಿ ಶಕ್ತಿ ಇದ್ರೆ ಇವಳು ನನಗ್ಯಾಕೆ ಕುರ್ಚಿ ಮಾಡ್ತಿದ್ಲು?”

ವಿಬೇಕೆ ನಕ್ಕಳು. “ಸರಿ. ಹಾಗಾದ್ರೆ ಎದ್ದಾದ್ರೂ ತೋರಿಸು.”

“ಈಗ್ತಾನೆ ಕೂತಿದೀನಿ. ಹಾಯಾಗಿದೆ. ಆಮೇಲೆ ನೋಡೋಣ.”

ವಿಬೇಕೆ ಟೋರ್ಕಿಲ್‌ನ ಮುಖ ನೋಡಿದಳು. ಟೋರ್ಕಿಲ್ ಭುಜ ಹಾರಿಸಿದ. ಕುರ್ಚಿ ಬಿಟ್ಟು ಏಳಲೊಲ್ಲದ ಅಜ್ಜಿ ಎಂದರೆ ಕುರ್ಚಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದಿದೆ ಎಂಬ ಹಾಗೆ ಇಬ್ಬರೂ ಮುಗುಳ್ನಕ್ಕರು.

ವಿಬೇಕೆ ಕುರ್ಚಿಯ ಹಿಂದೆ ನೆಲಕ್ಕೆ ಕೂತು ಕೀಲುಗಳನ್ನು ಬೆರಳಿನಿಂದ ತಡವಿದಳು. ಹೆಣಿಗೆಯನ್ನು ಕೆಳಗಿನಿಂದ ಬಗ್ಗಿ ನೋಡಿದಳು. ಅಳತೆಕೋಲು ತೆಗೆದು ಕೂರುವ ಎತ್ತರ ಹಿಡಿದು ನಕ್ಷೆಯ ಕೆಂಪು ಗೆರೆಗೆ ಹೋಲಿಸಿದಳು. ನಲವತ್ತೊಂದು, ನಲವತ್ತೊಂದು. ಪ್ರಶ್ನೆಗಳು ಬಂದವು. ಹಿಂದಿನ ಕಾಲಿಗೆ ಈ ಬಾಗು ಯಾಕೆ, ಆ್ಯಶ್ ಮರ ಬಿಟ್ಟು ಬೀಚ್ ಯಾಕೆ, ಎಡ ಕೈಯಾನಿಕೆ ತಗ್ಗಿದೆಯಲ್ಲ, ಕೈತಪ್ಪೇ? ಕೈತಪ್ಪಲ್ಲ, ಅವಳ ಎಡ ಭುಜ ತಗ್ಗು, ಮೀನು ಕೊಯ್ದ ಕೈ ಎಂದಳು ಡೋರ್ಟೆ. ವಿಬೇಕೆ ಮೇಲೆ ನೋಡಿ ಆಸ್ಟಾಳ ಭುಜಗಳನ್ನು ನೋಡಿದಳು, ಮತ್ತೆ ಕೈಯಾನಿಕೆ ನೋಡಿದಳು.

“ಇದೇನೂ ಕೆಟ್ಟದಲ್ಲ,” ಎಂದಳು.

ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಟೋರ್ಕಿಲ್‌ನ ಕಿವಿ ಕೆಂಪಗಾದವು. ಗೆದ್ದೆ ಎಂದು ಡೋರ್ಟೆಗೆ ಅನ್ನಿಸಿತು. ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಶೆಡ್ಡು, ಡಬ್ಬಿ, ಬರೆದುಕೊಳ್ಳುವ ಹುಡುಗಿ, ಎಲ್ಲ ಹಿಂದೆ ಬಿತ್ತು.

ಅಷ್ಟರಲ್ಲಿ ಹದಿನೆಂಟು ನಿಮಿಷ ಕಳೆದಿತ್ತು. ಆಸ್ಟಾಳ ಮಾತು ನಿಂತಿರುವುದು ಡೋರ್ಟೆಗೆ ಆಗ ಗಮನಕ್ಕೆ ಬಂತು. ಹನ್ನೊಂದು ವರ್ಷದಲ್ಲಿ ಆಸ್ಟಾ ಜ್ವರ ಬಂದಾಗಲೂ ಮಾತು ನಿಲ್ಲಿಸಿದವಳಲ್ಲ. ಅವಳ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ಕೈಯಾನಿಕೆ ಹಿಡಿದ ಬೆರಳುಗಳ ಗೆಣ್ಣು ಬಿಳಿಚಿಕೊಂಡಿದ್ದವು. ತುಟಿಯ ಅಂಚಿನ ಆ ನೀಲಿ ಬಣ್ಣ ಏನು ಹೇಳುತ್ತದೆ ಎಂದು ಆ ಕೋಣೆಯಲ್ಲಿ ಡೋರ್ಟೆಯೊಬ್ಬಳಿಗೇ ಗೊತ್ತಿತ್ತು.

“ಆಸ್ಟಾ?” ಎಂದಳು ಮೆಲ್ಲಗೆ.

“ನನ್ನ ಯಾಕೆ ನೋಡ್ತೀಯ? ಅವ್ಳು ಕೇಳಿದ್ದಕ್ಕೆ ಉತ್ತರ ಹೇಳು,” ಎಂದಳು ಆಸ್ಟಾ. ದನಿ ಗಟ್ಟಿಯಾಗಿತ್ತು, ಉಸಿರು ಇರಲಿಲ್ಲ.

ಡೋರ್ಟೆ ಇನ್ನೆರಡು ಪ್ರಶ್ನೆಗೆ ಉತ್ತರ ಹೇಳಿದಳು. ಏನು ಹೇಳಿದಳೋ ಅವಳಿಗೆ ನೆನಪಿಲ್ಲ. ಗಡಿಯಾರದಲ್ಲಿ ಇನ್ನು ಏಳು ನಿಮಿಷವಿತ್ತು. ಏಳು ನಿಮಿಷ ಎಷ್ಟರದು ಎಂದು ತನಗೆ ತಾನೇ ಹೇಳಿಕೊಂಡಳು. ಆ ಏಳು ನಿಮಿಷದಲ್ಲಿ ಊದಿದ ಕಾಲಿನೊಳಗೆ ಏನೇನು ನಡೆಯಬಹುದು ಎಂದು ತರಬೇತಿಯಲ್ಲಿ ಓದಿದ್ದೆಲ್ಲ ಅದರ ಹಿಂದೆಯೇ ಬಂತು.

“ಕೊನೇ ಪ್ರಶ್ನೆ,” ಎಂದಳು ವಿಬೇಕೆ, ಕಾಗದ ಮಡಚುತ್ತ. ಅವಳ ಮುಖದಲ್ಲಿ ಆಗಲೇ ಒಪ್ಪಿಗೆ ಇತ್ತು. ಈ ಪ್ರಶ್ನೆ ಬರೀ ಶಾಸ್ತ್ರಕ್ಕೆ, ಎಲ್ಲರಿಗೂ ಕೇಳುವಂಥದು. “ಇದನ್ನೇ ಇನ್ನೊಂದ್ಸಲ ಮಾಡೋದಾದ್ರೆ ಏನು ಬದಲಾಯಿಸ್ತೀಯ?”

ಕೈಯಾನಿಕೆಗೆ ಇನ್ನೊಂದಿಷ್ಟು ಎಣ್ಣೆ ಹಚ್ಚುತ್ತೇನೆ ಎಂದಿದ್ದರೆ ಸಾಕಿತ್ತು. ಬೇರೆಯವರೆಲ್ಲ ಅಂಥದ್ದೇ ಏನೋ ಹೇಳಿ ಪಾಸಾಗಿದ್ದರು. ಡೋರ್ಟೆ ಆಸ್ಟಾಳ ಕಡೆ ನೋಡಿದಳು. ಆಸ್ಟಾ ಕಣ್ಣಲ್ಲೇ ಬೇಡ ಎಂದಳು.

“ನಾಲ್ಕು ಸೆಂಟಿಮೀಟರ್ ಇಳಿಸ್ತೀನಿ,” ಎಂದಳು ಡೋರ್ಟೆ. “ಬೂಟು ಹಾಕಿಸಿ ಅಳೆದಿದ್ದೆ. ಇವಳಿಗೆ ಇಲ್ಲಿಂದ ಇಳಿಯೋಕಾಗಲ್ಲ. ಕಾಲು ನೆಲಕ್ಕೆ ತಾಕ್ತಿಲ್ಲ.”

ಹೇಳುತ್ತಲೇ ಮಂಡಿಯೂರಿ ಲಂಗ ಮೇಲೆತ್ತಿದಳು. ಎರಡು ಪಾದಗಳು ನೆಲದಿಂದ ಎರಡು ಬೆರಳಿನಷ್ಟು ಮೇಲೆ ನೇತಾಡುತ್ತಿದ್ದವು. ಚೀಲದ ತೆರೆದ ತುದಿಯಲ್ಲಿ ಕಾಲ್ಬೆರಳುಗಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದವು. ಅವಳು ಆಸ್ಟಾಳನ್ನು ಎದೆಗೆ ಆನಿಸಿಕೊಂಡು ಮುಂದಕ್ಕೆ ಸರಿಸಿ, ಎತ್ತಿ, ಹಾಗೆಯೇ ನೆಲದ ಮೇಲೆ ಕೂರಿಸಿದಳು. ಚೀಲ ಬಿಚ್ಚಿ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜತೊಡಗಿದಳು. ಬೆರಳಿನಿಂದ ಮೇಲಕ್ಕೆ, ಹಿಮ್ಮಡಿಯಿಂದ ಮೇಲಕ್ಕೆ. ಟೋರ್ಕಿಲ್ ಓಡಿಹೋಗಿ ನೀರು ತಂದ. ವಿಬೇಕೆ ಕೈಯಲ್ಲಿ ಕಾಗದ ಹಿಡಿದು ನಿಂತೇ ಇದ್ದಳು. ಕಾಲಿಗೆ ಬಣ್ಣ ಮರಳುವವರೆಗೆ ಡೋರ್ಟೆ ತಲೆಯೆತ್ತಲಿಲ್ಲ.

ಟೋರ್ಕಿಲ್, ವಿಬೇಕೆ ಇಬ್ಬರೂ ಹೊರಗೆ ಹೋಗಿ ಹತ್ತು ನಿಮಿಷ ಮಾತಾಡಿ ಬಂದರು. ಹೇಳುವ ಕೆಲಸ ಟೋರ್ಕಿಲ್‌ನದು, ಅವನು ನೆಲ ನೋಡುತ್ತ ಹೇಳಿದ.

“ಸೊನ್ನೆ ಸೊನ್ನೆ, ಅಂದ್ರೆ ನಪಾಸು. ಉಳಿದಿದ್ದೆಲ್ಲ ಚೆನ್ನಾಗಿತ್ತು, ಡೋರ್ಟೆ. ಆದ್ರೆ ಈ ಪಾಠ ಅಂದ್ರೇನೇ ಅಳತೆ. ಬೂಟಿನ ಮಾತು ನಾನು ಹೇಳಿದ್ದೆ.”

“ಹೌದು, ನೀನು ಹೇಳಿದ್ದೆ.”

ವಿಬೇಕೆ ಏನೋ ಸೇರಿಸಲು ಹೋದಳು. “ನೀನೇ ಬಾಯ್ಬಿಟ್ಟು ಹೇಳಿದೆಯಲ್ಲ…” ಎಂದು ನಿಲ್ಲಿಸಿದಳು. ಅದಕ್ಕೆ ಅಂಕ ಕೊಡುವ ಜಾಗ ಆ ಕಾಗದದಲ್ಲಿ ಇರಲಿಲ್ಲ. “ಅಂಕ ಕುರ್ಚಿಗೆ ಮಾತ್ರ,” ಎಂದು ಹೇಳಿ, ಡೋರ್ಟೆಯ ಕೈಕುಲುಕಿ ಹೊರಟುಹೋದಳು.

ಟ್ಯಾಕ್ಸಿಯಲ್ಲಿ ಆಸ್ಟಾ ಮುಖ ತಿರುಗಿಸಿ ಕೂತಳು. ಬಂದರು ದಾಟಿತು, ಚರ್ಚು ದಾಟಿತು. ಇನ್ನೊಂದು ವಾರದಲ್ಲಿ ಕಚೇರಿಯಿಂದ ಪತ್ರ ಬರುತ್ತದೆ, ಯಾವ ಬಸ್ಸು ಹಿಡಿಯಬೇಕು ಎಂಬುದೂ ಡೋರ್ಟೆಗೆ ಗೊತ್ತಿತ್ತು. ನಲವತ್ತಾರಕ್ಕೆ ಎಲ್ಲ ಮುಗಿಯಿತು ಎಂದು ಅವಳು ಮನಸ್ಸಿನಲ್ಲೇ ಅನ್ನುತ್ತಿದ್ದಳು.

“ಇನ್ನೇಳು ನಿಮಿಷ ಇತ್ತು,” ಎಂದಳು ಆಸ್ಟಾ, ಕಿಟಕಿಯ ಕಡೆಗೇ ನೋಡುತ್ತ.

“ನಿನ್ನ ತುಟಿ ನೀಲಿಗಟ್ಟಿತ್ತು.”

“ಕೂತಿರ್ತಿದ್ದೆ.”

“ಗೊತ್ತು.”

“ಏನ್ ಗೊತ್ತು ನಿನಗೆ?” ಆಸ್ಟಾ ಈ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ. “ಹನ್ನೊಂದು ವರ್ಷ ದಿನಾ ಬಂದು ನನ್ನ ಎತ್ತಿದೀಯ. ನಿನ್ನ ಸೊಂಟ ತಿಂದಿದ್ದು ಯಾರು ಅಂದ್ಕೊಂಡಿದೀಯ? ಒಂದೇ ಒಂದ್ಸಲ ನಾನು ನಿನ್ನ ಎತ್ತೋಣ ಅಂತ ಕೂತಿದ್ದೆ. ಅದಕ್ಕೂ ಬಿಡ್ಲಿಲ್ಲ ನೀನು.”

ಡೋರ್ಟೆ ಬಗ್ಗಿ ಮುಖವನ್ನು ಆಸ್ಟಾಳ ಕಪ್ಪು ಲಂಗದಲ್ಲಿ ಇಟ್ಟು ಅತ್ತಳು. ಟ್ಯಾಕ್ಸಿ ಮನೆಯ ಮುಂದೆ ನಿಂತ ಮೇಲೂ ಇಬ್ಬರೂ ಇಳಿಯಲಿಲ್ಲ.